ಮಾಮಾ ಪಾಸಾದ ಪರೀಕ್ಷೆ

ಎದೆಗೆ ಹಚ್ಚುವ ಆ ಜೆಲ್ಲಿ ಅಷ್ಟು ತಣ್ಣಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಬರುತ್ತಲೇ ಇರಲಿಲ್ಲ ಎಂದಲ್ಲ. ಬಾರದಿರಲು ಅದಕ್ಕಿಂತ ಗಟ್ಟಿಯಾದ ಕಾರಣಗಳು ನನ್ನ ಹತ್ತಿರ ಇದ್ದವು. ಹೆಂಗಸರ ಎದೆಯಲ್ಲಿ ಹೃದಯವಿರುವುದಿಲ್ಲ, ಗ್ಯಾಸ್ ಇರುತ್ತದೆ ಎಂಬುದು ನಮ್ಮ ಮನೆಯ ವೈದ್ಯಶಾಸ್ತ್ರ. ಆ ಶಾಸ್ತ್ರದ ಪ್ರಕಾರ ನನಗೆ ಕೆಲವು ತಿಂಗಳಿಂದ ಓಮಿನಕಾಳು, ಜೀರಿಗೆ ನೀರು, ಸೋಡಾ ಎಲ್ಲ ಚಿಕಿತ್ಸೆಯೂ ನಡೆದಿದೆ. ಗ್ಯಾಸ್ ಎಷ್ಟು ಹಟಮಾರಿಯೆಂದರೆ ಕೂತಾಗ ಸುಮ್ಮನಿದ್ದು, ಮೆಟ್ಟಿಲು ಹತ್ತುವಾಗ ಮಾತ್ರ ಎದೆಯ ಮೇಲೆ ಬಂದು ಕೂರುತ್ತದೆ.

ನಮ್ಮ ಮನೆಯವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವರು ಬಂದದ್ದು ನನ್ನ ಎದೆಗಾಗಿ ಎಂದುಕೊಳ್ಳಬೇಡಿ. ಬಾಗಲಕೋಟೆಯ ಈ ದವಾಖಾನೆಯಿಂದ ನೆಟ್ಟಗೆ ಇಳಕಲ್ಲಿಗೆ ಹೋಗಿ ಅವರ ತಂಗಿಯ ಮಗಳ ನಿಶ್ಚಯಕ್ಕೆ ಸೀರೆ ತರುವುದಿತ್ತು. ಕಾರು ಬಾಗಿಲಲ್ಲೇ ನಿಂತಿತ್ತು.

“ಲಗೂನ ಪಾಸಾಗಿ ಬಂದ್ಬಿಡು. ಊಟಾ ಇಳಕಲ್ಲಾಗ ಮಾಡೂಣು,” ಎಂದಿದ್ದರು ಒಳಗೆ ಹೋಗುವಾಗ.

ನಾನೂ “ಹೂಂ” ಎಂದಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಪಾಸಾಗುವ ಉಪಾಯವನ್ನು ಮನೆಯಿಂದಲೇ ಹೊಂದಿಸಿಕೊಂಡು ಬಂದಿದ್ದೆ. ಡಾಕ್ಟರು ನೋವು ಇದೆಯೇ ಎಂದು ಕೇಳುತ್ತಾರೆ. ಇಲ್ಲ ಎಂದರಾಯಿತು. ಇಷ್ಟು ಸುಲಭದ ಪ್ರಶ್ನೆಪತ್ರಿಕೆಯನ್ನು ನಾನು ಎಂ.ಎ.ಯಲ್ಲೂ ಕಂಡಿರಲಿಲ್ಲ.

ಡಾಕ್ಟರು ಮಾತ್ರ ಪತ್ರಿಕೆಯನ್ನು ತುಸು ಕಠಿಣಗೊಳಿಸಿದರು. “ಹೆಣ್ಮಕ್ಕಳಿಗೆ ಬರೇ ಇಸಿಜಿ ಗೆರಿ ನಂಬಿದ್ರ ಒಮ್ಮೊಮ್ಮೆ ಮೋಸ ಆಕ್ಕೈತ್ರಿ ಮೇಡಂ. ಈಗ ಮಲಗಿದಾಗ ಎದಿ ಚಿತ್ರಾ ನೋಡ್ತೇನಿ. ಆಮ್ಯಾಲ ಬೆಲ್ಟ್ ಮ್ಯಾಲ ನಡಸ್ತೇನಿ. ಇಳದ ಕೂಡ್ಲೇ ಇಲ್ಲೇ ಬಂದು ಮಲಗ್ರಿ, ಎದಿ ಹಾರೂದ್ರಾಗ ಮತ್ತೊಮ್ಮೆ ನೋಡ್ತೇನಿ,” ಎಂದರು. ಮಲಗಿದ ಚಿತ್ರ ಮುಗಿಯಿತು. ಚೆನ್ನಾಗಿದೆ ಎಂದರು. ಟ್ರೆಡ್‌ಮಿಲ್ಲಿನ ಆ ಬೆಲ್ಟ್ ಮೇಲೆ ಬೇರೆ ಯಾರೋ ಇದ್ದುದರಿಂದ, ಎದೆಗೆ ವೈರು ಸಿಕ್ಕಿಸಿಕೊಂಡು, ಆಸ್ಪತ್ರೆಯ ಹಸಿರು ನಿಲುವಂಗಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂತೆ. ಜೆಲ್ಲಿ ಒಣಗುತ್ತ ಚರ್ಮ ಬಿಗಿಯುತ್ತಿತ್ತು. ಪಕ್ಕದ ಕೋಣೆಯಿಂದ ಧಪ್ ಧಪ್ ಎಂದು ಯಾರೋ ಎಲ್ಲಿಗೂ ಹೋಗದೆ ನಡೆಯುವ ಸದ್ದು.

ಆ ಸದ್ದಿಗೆ ನನ್ನ ಸೋದರಮಾವ ನೆನಪಾದರು. ಅವರೂ ಇದೇ ದವಾಖಾನೆಯಲ್ಲಿ, ಇದೇ ಡಾಕ್ಟರ ಎದುರಿಗೆ ನಡೆದವರು. ಡಾಕ್ಟರ ತಲೆ ಆಗ ಕಪ್ಪಗಿತ್ತು. ಅಥವಾ ಕಪ್ಪು ಹಚ್ಚುತ್ತಿದ್ದರೋ ಏನೋ. ಇತಿಹಾಸ ಪಾಠ ಮಾಡುವವಳಾದ ನಾನು ನೆನಪನ್ನು ಎರಡನೆಯ ಸಾಕ್ಷಿ ಇಲ್ಲದೆ ನಂಬುವುದಿಲ್ಲ.

ಮಾಮಾ ಗುಳೇದಗುಡ್ಡದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದು ನಿವೃತ್ತರಾದವರು. ಅವರ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ: ಓಡುವವರು, ಕೂಡುವವರು. ಪುಸ್ತಕ ಹಿಡಿದು ಕೂಡುವ ನನ್ನಂಥವರು ಎರಡನೆಯ ಜಾತಿಯಲ್ಲೂ ಕೆಳಗಿನವರು. “ಎಂ.ಎ. ಮಾಡೀದಿ. ಈಗ ಒಂದು ರೌಂಡ್ ಓಡು, ಎಷ್ಟು ಕಲ್ತೀದಿ ಗೊತ್ತಾಕ್ಕೈತಿ,” ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಸೀಟಿ ಅವರ ಕಿಸೆ ಬಿಟ್ಟಿರಲಿಲ್ಲ. ಮನೆಯಲ್ಲಿ ಚಹಾ ಬೇಕಾದರೆ ಅದನ್ನು ಊದುತ್ತಿದ್ದರು. ಅದಕ್ಕೆ ಅತ್ತಿ, ಅಂದರೆ ಅವರ ಹೆಂಡತಿ, “ಇವರ ಸಾಲಿ ಮುಗೀತು, ನನ್ನ ಸಾಲಿ ಮುಗೀವಲ್ದು,” ಎನ್ನುತ್ತಿದ್ದಳು.

ಅಂಥ ಮಾಮಾ ಒಂದು ಮದುವೆಯಿಂದ ಮರಳುವಾಗ ಕುಳಗೇರಿ ಕ್ರಾಸಿನಲ್ಲಿ ಬಸ್ಸಿನ ಹಿಂದೆ ಓಡಿ, ನಡುವೆಯೇ ನಿಂತು, ಒಂದು ಅಂಗಡಿಯ ಮುಂದಿನ ಚೀಲದ ಮೇಲೆ ಕೂತುಬಿಟ್ಟರಂತೆ. ಮುಖ ಬಿಳಿಚಿತ್ತಂತೆ. ಕೇಳಿದ್ದಕ್ಕೆ ಮೆಣಸಿನಕಾಯಿ ಧಾರಣೆ ವಿಚಾರಿಸುತ್ತಿದ್ದೆ ಎಂದರಂತೆ. ಬಂಧುಬಳಗ ಕೂಡಿ ತೀರ್ಮಾನಿಸಿತು: ಎದೆ ಪರೀಕ್ಷೆ ಮಾಡಿಸಬೇಕು, ಕರೆದುಕೊಂಡು ಹೋಗಲು ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಓದಿದ ಹುಡುಗಿ ಇದ್ದೇ ಇದ್ದಾಳೆ. ಬಾದಾಮಿ ಚಾಲುಕ್ಯರ ಬಗ್ಗೆ ಓದಿದವಳಿಗೆ ಹೃದಯದ ರಕ್ತನಾಳಗಳೂ ತಿಳಿದಿರುತ್ತವೆ ಎಂಬ ಅವರ ನಂಬಿಕೆಗೆ ನಾನು ಭಂಗ ತರಲಿಲ್ಲ.

ಮಾಮಾ ಪರೀಕ್ಷೆಗೆ ಬಂದದ್ದು ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಬಂದಂತೆ. ಕ್ಯಾನ್ವಾಸ್ ಬೂಟಿಗೆ ಹೊಸದಾಗಿ ಬಿಳಿ ಬಳಿದಿದ್ದರು. ಹಿಂದೆ ಇಬ್ಬರು ಅಳಿಯಂದಿರು, ಒಬ್ಬ ಬೀಗರು, ನೀರಿನ ಬಾಟಲಿ ಹಿಡಿದ ಅತ್ತಿ. ಮೊದಲು ಎಕೋ, ಅಂದರೆ ಮಲಗಿಸಿ ತೆಗೆಯುವ ಎದೆಯ ಚಿತ್ರ, ಆಯಿತು. “ಪಂಪು ಚಲೋ ಐತಿ,” ಎಂದರು ಡಾಕ್ಟರು. ಕೂಡಲೇ ಬಾಗಿಲಾಚೆಗೆ ಸುದ್ದಿ ಹೋಯಿತು. ವಿಶ್ರಾಂತಿಯಲ್ಲಿರುವ ಹೃದಯವನ್ನು ನೋಡಿ ಹಾಗೆನ್ನುವುದು, ಉಂಡು ಮಲಗಿದ ಪೈಲ್ವಾನನನ್ನು ನೋಡಿ ಕುಸ್ತಿಯ ತೀರ್ಪು ಕೊಟ್ಟಂತೆ ಎಂದು ನನಗೆ ಗೊತ್ತಾದದ್ದು ಬಹಳ ಆಮೇಲೆ. ರಕ್ತನಾಳ ಎಲ್ಲಿಯೋ ಕಿರಿದಾಗಿದ್ದರೂ ಕೂತವನ ಹೃದಯಕ್ಕೆ ಸಾಕಾಗುವಷ್ಟು ರಕ್ತ ಹರಿಯುತ್ತಲೇ ಇರುತ್ತದೆ. ಸಾಲದಾಗುವುದು ಕೆಲಸ ಹೇಳಿದಾಗ. ಅದಕ್ಕೇ ಬೆಲ್ಟು: ನಡೆಸಿ, ಏರು ಹತ್ತಿಸಿ, ಆಗ ಏನಾಗುತ್ತದೆ ನೋಡುವುದು.

ಬೆಲ್ಟಿನ ಕೋಣೆಯಲ್ಲಿ ತೊಡಕು ಶುರುವಾಯಿತು. ಅಂಗಿ ಕಳಚಿದ ಮಾಮಾನ ಎದೆಯ ಮೇಲೆ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಅದರೊಳಗೆ ಅವರ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ಅವರ ಮೈಬಿಟ್ಟು ಇಳಿದದ್ದಿಲ್ಲ. ವೈರುಗಳನ್ನು ಅಂಟಿಸಬೇಕಾದ ಟೆಕ್ನಿಷಿಯನ್ ಮೆಹಬೂಬ ಕೈಕಟ್ಟಿ ನಿಂತ.

“ಸರ, ಇದನ್ನೊಂದೀಟು ತಗದ ಕೊಡ್ತೀರೇನ್ರಿ? ನಡಿಯೂವಾಗ ವೈರಿಗೆ ಬಡೀತೈತಿ.”

“ತಮ್ಮಾ, ಇದು ನನ್ನ ಕೂಡ ಮಣ್ಣಿಗೆ ಬರೂದೈತಿ. ಅಲ್ಲೀತನಾ ಇಳಿಯಂಗಿಲ್ಲ. ಯಾವ ಊರಾವ ನೀ?”

“ಗುಳೇದಗುಡ್ಡರಿ ಸರ. ನಿಮ್ಮ ಸಾಲ್ಯಾಗ ಕಲ್ತೇನ್ರಿ. ಲೇಟಾಗಿ ಬಂದಾಗೆಲ್ಲ ಓಡಿಸಿದ್ರಿ ನನ್ನ.”

“ಅದಕ್ಕ ಇಷ್ಟರ ಉದ್ಧಾರಾಗೀದಿ. ಹೂಂ, ಚಾಲೂ ಮಾಡ್ಲೇ.”

ಅಲ್ಲಿಗೆ ಪರೀಕ್ಷೆಯ ಗತಿ ನಿರ್ಧಾರವಾಯಿತು. ಯಾರನ್ನು ಓಡಿಸಬೇಕೋ ಅವರೇ ಓಡಿಸುವವನ ಮಾಸ್ತರರಾದರೆ ಇನ್ನೇನಾಗುತ್ತದೆ? ಬೆಲ್ಟ್ ತಿರುಗಿತು. ಕರಡಿಗೆ ಶಾಲೆಯ ಗಂಟೆಯ ಹಾಗೆ ಎಡಕ್ಕೂ ಬಲಕ್ಕೂ ಹಾರಿ ವೈರಿನ ಬಿಲ್ಲೆಗಳಿಗೆ ಬಡಿಯತೊಡಗಿತು. ಏರು ಹೆಚ್ಚಿದಂತೆ ಮಾಮಾ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದರು. ಅರ್ಧ ಭಾರ ಕಾಲಿನ ಮೇಲೆ, ಅರ್ಧ ಕಂಬಿಯ ಮೇಲೆ. ಹಾಗೆ ಹಿಡಿಯಬಾರದು ಎಂದು ಹೇಳುವ ಧೈರ್ಯ ಮೆಹಬೂಬನಿಗೆ ಆಗಲಿಲ್ಲ.

ಡಾಕ್ಟರು ಬಂದು, “ಎದ್ಯಾಗ ನೋವು, ಬಿಗಿ ಏನರ ಅನಸ್ತೈತೇನ್ರಿ?” ಎಂದರು.

“ನೋವು? ನನಗ? ನೀವೂ ಹತ್ರಿ ಸಾಹೇಬ್ರ, ಕೂಡೇ ಓಡೂಣು. ಇಲ್ಲಿ ಎಲ್ಲಾರಕಿಂತ ಹೆಚ್ಚು ಓಡಿದಾವ ಯಾರು ಅದನ್ನ ಹೇಳ್ರಿ ಮದ್ಲ.”

ಕಾಗದದ ಮೇಲೆ ಬಂದ ಗೆರೆಗಳು ಕೋಳಿ ಮಸಿಯಲ್ಲಿ ಕಾಲಿಟ್ಟು ನಡೆದಂತಿದ್ದವು. ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು. “ಗೆರಿ ಸ್ಪಷ್ಟ ಬಂದಿಲ್ರಿ. ಎದಿಬಡಿತಾನೂ ಬೇಕಾದಷ್ಟು ಏರಲಿಲ್ಲ. ತೊಂದ್ರಿ ಐತಿ ಅಂತನೂ ಹೇಳಾಕ ಬರಂಗಿಲ್ಲ, ಇಲ್ಲಂತನೂ ಹೇಳಾಕ ಬರಂಗಿಲ್ಲ. ಇನ್ನೊಮ್ಮೆ ಮಾಡೂಣು,” ಎಂದರು.

ಇಷ್ಟು ಮಾತಿನಲ್ಲಿ ನಮ್ಮ ಬಂಧುಬಳಗ ತನಗೆ ಬೇಕಾದ ಭಾಗವನ್ನು ಆರಿಸಿಕೊಂಡಿತು. ತೊಂದರೆ ಇದೆ ಎಂದು ಡಾಕ್ಟರು ಹೇಳಲಿಲ್ಲ. ಅಂದರೆ ಪಾಸು! ಬೀಗರು ಅಲ್ಲಿಯೇ ಓಡಿಹೋಗಿ ಅಮೀನಗಡದ ಕರದಂಟಿನ ಡಬ್ಬಿಗಳನ್ನು ತಂದರು. ಎದೆರೋಗದ ಪರೀಕ್ಷೆ ಮುಗಿದ ಸಂತೋಷಕ್ಕೆ ತುಪ್ಪ, ಬೆಲ್ಲ, ಒಣಕೊಬ್ಬರಿ ಹಂಚಿದ ಮನೆತನ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ನಾನೂ ತಿಂದೆ. ಚೆನ್ನಾಗಿತ್ತು.

ಮುಂದೆ ಆ ಓಟ ಬೆಳೆಯಿತು. ಗುಳೇದಗುಡ್ಡದ ಕಟ್ಟೆಗಳ ಮೇಲೆ ಮಾಮಾ ಹೇಳುತ್ತಿದ್ದಂತೆ, ಅವರ ವೇಗಕ್ಕೆ ಮಷೀನು ಬಿಸಿಯಾಯಿತು. ಡಾಕ್ಟರು ಕೈಮುಗಿದು ನಿಲ್ಲಿಸಿದರು. ಕೊನೆಗೆ ಕೇಳಿದಾಗ ಬೆಲ್ಟೇ ಹರಿದಿತ್ತು. ಕೇಳುವವರು ತಲೆದೂಗುತ್ತಿದ್ದರು. ಶಾಸನಗಳಲ್ಲಿ ರಾಜರು ಗೆದ್ದ ಯುದ್ಧಗಳ ವರ್ಣನೆಯನ್ನು ನಾನು ಆಮೇಲಿನಿಂದ ಬೇರೆ ರೀತಿಯಲ್ಲಿ ಓದುತ್ತಿದ್ದೇನೆ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಗುಳೇದಗುಡ್ಡಕ್ಕೆ ಹೋಗಿದ್ದೆ. ಮಾಮಾ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯ ಮಗ್ಗ ಟಕಟಕ ಎನ್ನುತ್ತಿತ್ತು. ಅತ್ತಿ ಬಾಗಿಲು ಮುಂದೆ ಮಾಡಿ, ಟ್ರಂಕು ತೆರೆದು, ಮಡಿಸಿಟ್ಟ ಕುಪ್ಪಸದ ಖಣಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಹರವಿದಳು. ಕೆಂಪು, ಹಸಿರು, ನವಿಲುಬಣ್ಣ. ಒಂದು ಅಂಗಡಿಗೆ ಸಾಕಾಗುವಷ್ಟಿದ್ದವು.

“ಅಂಗಡಿ ಇಡ್ತೀಯೇನು ಅತ್ತಿ?” ಎಂದೆ.

“ಕೇಳಿಲ್ಲಿ. ಮದಿವ್ಯಾಗ ಉಡಿಸಿದ್ದು ಬಿಟ್ರ ಇವರ ಕೈಯಿಂದ ಒಂದು ಎಳಿ ನೂಲು ಕಂಡಾಕಿ ಅಲ್ಲ ನಾ. ಈಗ ಕೆಲವು ದಿನದಿಂದ ಹೊರಗ ಹೋದಾಗೊಮ್ಮೆ ಒಂದು ಖಣ ಬರಾಕತ್ತೇತಿ. ಮುಪ್ಪಿನ ಕಾಲಕ್ಕ ಬುದ್ಧಿ ಬಂತಪಾ ಅಂತ ಖುಷಿಪಟ್ಟೆ. ಓಣಿ ತುಂಬ ಹೇಳ್ಕೋತ ತಿರುಗಿದೆ, ಹುಚ್ಚಿ.”

“ಈಗೇನಾತು?”

“ಮೊನ್ನೆ ಹಿಂದಿಂದ ಹೋದೆ. ಬಜಾರದ ಏರ ಹತ್ತೂವಾಗ ಗಕ್ಕನ ನಿಂತ್ರು. ಎದಿಗೆ ಕೈ ಒತ್ತಿ ಹಿಡ್ಕೊಂಡ್ರು. ಯಾರರ ನೋಡ್ಯಾರಂತ ಅತ್ತಾಗ ಇತ್ತಾಗ ನೋಡಿ ಖಣದ ಅಂಗಡಿ ಹೊಕ್ಕರು. ಗಾದಿ ಮ್ಯಾಲ ಕುಂತ್ರು, ನೀರು ಕುಡದ್ರು, ಬೆವರು ಒರಸ್ಕೊಂಡ್ರು. ಇಷ್ಟ ಹೊತ್ತು ಕುಂತು ಬರೇ ಕೈಲೆ ಎದ್ದು ಬರಾಕ ಮಾಸ್ತರಗ ನಾಚಿಕಿ. ಒಂದು ಖಣ ಹರಿಸ್ಕೊಂಡು ಬಂದ್ರು.”

ಅತ್ತಿ ನವಿಲುಬಣ್ಣದ ಖಣವನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಳು.

“ಇದು ಪ್ರೀತಿ ಅಲ್ಲ, ತಂಗಿ. ಎದಿನೋವು. ಎದಿ ಹಿಡದಾಗೊಮ್ಮೆ ಒಂದು ಖಣ.”

ನನಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು, ಏಕೆಂದರೆ ಚಾಪೆಯ ಮೇಲೆ ಬಹಳ ಖಣಗಳಿದ್ದವು.

ಎರಡನೆಯ ಪರೀಕ್ಷೆಗೆ ಅತ್ತಿ ಬಂಧುಬಳಗವನ್ನು ಕರೆಯಲಿಲ್ಲ. ಒಂದು ಕೈಚೀಲವನ್ನಷ್ಟೇ ಹಿಡಿದು ಬಂದಳು. ದಾರಿಯುದ್ದಕ್ಕೂ ಮಾಮಾ ಗೊಣಗಿದರು: “ಪಾಸಾದಾವನ್ನ ಮತ್ತ ಯಾಕ ಪರೀಕ್ಷಾಕ ಕೂಡ್ರಸ್ತೀರಿ?”

“ಕಾಪಿ ಹೊಡದು ಪಾಸಾದವರನ್ನ ನಿಮ್ಮ ಸಾಲ್ಯಾಗ ಹಂಗ ಬಿಡ್ತಿದ್ರೇನು?” ಎಂದಳು ಅತ್ತಿ.

ಡಾಕ್ಟರ ಮೇಜಿನ ಮೇಲೆ ಅತ್ತಿ ಚೀಲದೊಳಗಿನ ಖಣಗಳನ್ನೆಲ್ಲ ಸುರಿದು, ಅವು ಹೇಗೆ ಬಂದವೆಂದು ಹೇಳಿದಳು. ಇಂಥ ವರದಿಯನ್ನು ಆ ಡಾಕ್ಟರು ಮೊದಲು ನೋಡಿರಲಿಕ್ಕಿಲ್ಲ. ಆದರೆ ಓದಲು ಅವರಿಗೆ ತಡವಾಗಲಿಲ್ಲ. “ಏರ ಹತ್ತಿದಾಗ ಬರೂದು, ಕುಂತ್ರ ಹೋಗೂದು. ನನಗ ಬೇಕಾಗಿದ್ದು ಇದ ಮಾತು. ಆವತ್ತ ಯಾಕ ಹೇಳಲಿಲ್ರಿ ಸರ?” ಎಂದರು.

“ಹೇಳಿದ್ರ ಫೇಲ್ ಅಂತಿದ್ರಿ,” ಎಂದರು ಮಾಮಾ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕರಡಿಗೆಯ ತೊಡಕು ಹಾಗೇ ಇತ್ತು. ಮೆಹಬೂಬ ದೂರವೇ ನಿಂತಿದ್ದ. ನಾನು ಹನ್ನೆರಡನೆಯ ಶತಮಾನದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿ ಮಾಮಾನ ಹೆಗಲ ಮೇಲಿನ ವಸ್ತ್ರವನ್ನು ಎಳೆದುಕೊಂಡಳು.

“ಕೊರಳಾಗ ಇದ್ರ ವೈರಿಗೆ ಬಡೀತೈತಿ ಹೌದಿಲ್ಲೋ? ತಲಿಮ್ಯಾಲ ಕಟ್ಟೂಣು. ಮೈ ಬಿಟ್ಟು ಇಳೀಬಾರದು ಅಷ್ಟ. ತಲಿ ಏನು ಮೈ ಅಲ್ಲೇನು?”

ಮಾಮಾ ಒಪ್ಪಿದರು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆ ಸಮೇತ ನೆತ್ತಿಯ ಮೇಲಿಟ್ಟುಕೊಂಡರು. ಅತ್ತಿ ಆ ವಸ್ತ್ರವನ್ನು ಸುತ್ತ ಪಟಕದಂತೆ ಬಿಗಿದಳು. ಬರಿಮೈ, ವೈರುಗಳು, ಬಿಳಿ ಬೂಟು, ತಲೆಗೆ ರುಮಾಲು; ಬೆಲ್ಟ್ ಹತ್ತಿದ ಮಾಮಾ ಮದುಮಗನೂ ಪೈಲ್ವಾನನೂ ಅರ್ಧರ್ಧ ಕೂಡಿದಂತೆ ಕಂಡರು.

“ಸರ,” ಎಂದ ಮೆಹಬೂಬ ನೆಲ ನೋಡುತ್ತ, “ಕಂಬಿ ಬಿಡ್ರಿ.”

“ಏನಂದಿ?”

“ಕಂಬಿ ಬಿಡ್ರಿ ಸರ. ಬೆರಳು ಅಷ್ಟ ತಾಗಿಸ್ರಿ. ಹಿಡಕೊಂಡ್ರ ಲೆಕ್ಕಕ್ಕಿಲ್ಲ.”

ಮಾಮಾ ಕೈಬಿಟ್ಟರು. ಗೆರೆ ಈ ಸಲ ಅಚ್ಚುಕಟ್ಟಾಗಿ ಬರುತ್ತಿತ್ತು. ಬೆಲ್ಟ್ ಏರಿತು, ವೇಗ ಹೆಚ್ಚಿತು, ಮತ್ತೂ ಏರಿತು. ಡಾಕ್ಟರು ಕೇಳಿದರು, “ಈಗ ಹೆಂಗ್ರಿ ಸರ?” ಎದುರಿಗೆ ನಿಂತಿದ್ದ ಅತ್ತಿ ಮಾಮಾನ ಮುಖ ನೋಡುತ್ತಿದ್ದಳು.

ಮುಂದಿನ ಗಳಿಗೆಯ ಬಗ್ಗೆ ಮೂರು ಪಾಠಾಂತರಗಳಿವೆ. ನನ್ನ ನೆನಪಿನಲ್ಲಿ ಮಾಮಾ ಮೈದಾನದಲ್ಲಿ ಆಟ ನಿಲ್ಲಿಸುವವರಂತೆ ಬಲಗೈ ಎತ್ತಿ, “ಸಾಕು, ನೋವ ಆಗಾಕತ್ತೈತಿ,” ಎಂದರು. ಅತ್ತಿಯ ಪ್ರಕಾರ ಕೈಗೀ ಎತ್ತಲಿಲ್ಲ. ಆಕೆಯ ಹೆಸರು ಕರೆದರು ಅಷ್ಟೆ. ಮಾಮಾ ಈಗಲೂ ಹೇಳುವುದು: ತಾವು ಮುಗಿಸಿಯೇ ಇಳಿದದ್ದು, ಮಷೀನೇ ಸೋತಿತು. ನಾನು ಆ ರಾತ್ರಿ ಬರೆದ ದಿನಚರಿಯನ್ನು ತೆಗೆದು ನೋಡಿದೆ. “ಇವತ್ತು ಬಿಸಿಲು ಭಾಳ” ಎಂದಿದೆ. ವಿಶ್ವವಿದ್ಯಾಲಯದ ಶಿಕ್ಷಣ ನನ್ನನ್ನು ಎಂಥ ಸಾಕ್ಷಿದಾರಳನ್ನಾಗಿ ಮಾಡಿತು ನೋಡಿ.

ಗೆರೆ ಮಾತ್ರ ಎಲ್ಲರಿಗೂ ಒಂದೇ ಕಂಡಿತು. ಇರಬೇಕಾದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿತ್ತು. ಆಂಜಿಯೋಗ್ರಾಮ್ ಮಾಡಿದಾಗ ದೊಡ್ಡದೊಂದು ನಾಳ ಬಹಳಷ್ಟು ಕಟ್ಟಿಕೊಂಡಿದ್ದು ತಿಳಿಯಿತು. ಸ್ಟೆಂಟ್ ಹಾಕಿದರು. ಮಾಮಾ ಈಗಲೂ ಬಜಾರದ ಏರನ್ನು ನಿಲ್ಲದೆ ಹತ್ತುತ್ತಾರೆ. ಖಣಗಳು ನಿಂತುಹೋದವು. “ಎದಿ ನೆಟ್ಟಗಾತು, ಖಣ ಬಂದಾದ್ವು. ಸಂಸಾರಂದ್ರ ಹಿಂಗ ನೋಡು,” ಎಂದಳು ಅತ್ತಿ. ಮರುವರ್ಷ ನಾಗರಪಂಚಮಿಗೆ ಮಾಮಾ ತಾವಾಗಿಯೇ ಒಂದು ಖಣ ತಂದಾಗ, ಅವಳು ಅದನ್ನು ಮುಟ್ಟುವ ಮೊದಲು ಅವರನ್ನು ಕೂಡಿಸಿ ಎದೆಯ ಮೇಲೆ ಕೈಯಿಟ್ಟು ನೋಡಿದಳಂತೆ.

ಇಷ್ಟೆಲ್ಲ ಕಂಡವಳು ನಾನು. ಹಾಗಾದರೆ ಕಲಿತಿರಬೇಕಲ್ಲ? ಈಚೆಗೆ ಪ್ರತಿವರ್ಷದಂತೆ ವಿದ್ಯಾರ್ಥಿಗಳನ್ನು ಬಾದಾಮಿಯ ಗುಹೆಗಳಿಗೆ ಕರೆದೊಯ್ದಿದ್ದೆ. ಮೊದಲೆಲ್ಲ ಮೇಲಿನ ಗುಹೆ ಮುಟ್ಟುವ ತನಕ ನಿಲ್ಲುತ್ತಿರಲಿಲ್ಲ. ಈ ಸಲ ಮೆಟ್ಟಿಲುಗಳ ನಡುನಡುವೆ ನಿಂತು, ಬಂಡೆಯ ಬಣ್ಣ, ಮಳೆನೀರು ಇಳಿದ ಕಲೆ, ಕೆಳಗಿನ ಅಗಸ್ತ್ಯ ತೀರ್ಥ ಎಲ್ಲದರ ಮೇಲೂ ಉಪನ್ಯಾಸ ಕೊಟ್ಟೆ. ಮಂಗಗಳ ಸ್ವಭಾವದ ಬಗ್ಗೆಯೂ ಮಾತಾಡಿದ ನೆನಪು. ಇಳಿದು ಬಂದಾಗ ಒಬ್ಬ ವಿದ್ಯಾರ್ಥಿನಿ, “ಮೇಡಂ, ಈ ಸರ್ತಿ ಪಾವಟಿಗಿ ಪಾವಟಿಗಿಗೂ ಪಾಠ ಹೇಳಿದ್ರಿ. ಭಾಳ ಚಲೋ ಆತ್ರಿ,” ಎಂದಳು. ಆ ಮೆಚ್ಚುಗೆಯನ್ನು ಎರಡು ದಿನ ಸವಿದೆ. ಮೂರನೆಯ ದಿನ, ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಯಾರೂ ಓದದ ಒಂದು ಹಳೆಯ ನೋಟೀಸನ್ನು ಎಲ್ಲ ಗಮನವಿಟ್ಟು ಓದುತ್ತಿದ್ದಾಗ, ಗುಳೇದಗುಡ್ಡದ ಅಂಗಡಿಯ ಗಾದಿ ಕಣ್ಣ ಮುಂದೆ ಬಂತು. ಮಾಮಾ ನಿಂತಾಗ ಖಣ ಕೊಂಡರು. ನಾನು ನಿಂತಾಗ ಜ್ಞಾನ ಹಂಚಿದೆ. ಮಾಮಾನದು ಕೊನೇ ಪಕ್ಷ ತೊಡಲು ಬರುತ್ತಿತ್ತು.

ಆವತ್ತೇ ಡಾಕ್ಟರ ಹತ್ತಿರ ಹೆಸರು ಹಚ್ಚಿಸಿದೆ. ಆದರೂ, ನೋಡಿ, ಸ್ಟೂಲಿನ ಮೇಲೆ ಕೂತವಳ ಬಾಯಲ್ಲಿ “ಇಲ್ರಿ” ಎಂಬ ಉತ್ತರ ಸಿದ್ಧವಾಗಿಯೇ ಇತ್ತು. ಹೆದರಿಕೆಗೆ ಎಷ್ಟು ಮರ್ಯಾದಸ್ಥ ವೇಷಗಳು! ನಿಶ್ಚಯದ ಸೀರೆ ತರಬೇಕು, ಕಾರು ನಿಂತಿದೆ, ಅವರ ಊಟದ ಹೊತ್ತು ಮೀರುತ್ತದೆ.

ಒಳಗೆ ಕರೆದರು. ಬೆಲ್ಟ್ ನಿಧಾನವಾಗಿ ಜಾರಿತು. ಮೊದಲ ಹಂತ ವಿದ್ಯಾಗಿರಿಯ ಸಂಜೆಯ ನಡಿಗೆಯಂತಿತ್ತು. ಎರಡನೆಯದರಲ್ಲಿ ಏರು ಬಂತು, ಉಸಿರು ಬಂತು. ಮೂರನೆಯದರಲ್ಲಿ ಆ ಹಳೆಯ ಗ್ಯಾಸ್ ಬಂದು ಎದೆಯ ನಡುವೆ ಕಲ್ಲಿನಂತೆ ಕೂತು, ದವಡೆಗೆ ಒಂದು ಕೈ ಚಾಚಿತು. ಇಲ್ಲಿ ನಿಂತು ವಿವರಿಸಲು ಬಂಡೆ ಇರಲಿಲ್ಲ, ತೀರ್ಥ ಇರಲಿಲ್ಲ, ಮಂಗಗಳೂ ಇರಲಿಲ್ಲ. ಎದುರಿಗೆ ಬಿಳಿ ಗೋಡೆ.

“ಏನರ ಅನಸ್ತೈತೇನ್ರಿ ಮೇಡಂ?”

“ಇ—” ಎಂದೆ. ಉಳಿದ ಅಕ್ಷರಕ್ಕೆ ಉಸಿರು ಸಾಲಲಿಲ್ಲ. ಸಾಲದ್ದು ಒಳ್ಳೆಯದಾಯಿತೋ, ಅಥವಾ ನಾನೇ ತಡೆದೆನೋ, ಇದಕ್ಕೂ ಎರಡನೆಯ ಸಾಕ್ಷಿ ಇಲ್ಲ. ಮುಂದೆ ಹೇಳಿದ್ದು ಮಾತ್ರ ಗಟ್ಟಿಯಾಗಿ ಕೇಳಿಸಿತು: “ಐತ್ರಿ. ಇಲ್ಲಿ. ಭಾಳ ಬಿಗಿ ಹಿಡಿತೈತಿ. ನಿಲ್ಲಸ್ರಿ.”

ಇಳಿಸಿ, ಒಂದೇ ಉಸಿರಿನಲ್ಲಿ ಮಂಚಕ್ಕೆ ತಂದು ಎಡಮಗ್ಗುಲಾಗಿ ಮಲಗಿಸಿದರು. ಪರದೆಯ ಮೇಲೆ ನನ್ನ ಹೃದಯ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು. ಡಾಕ್ಟರು ಒಂದು ಕಡೆ ಬೆರಳಿಟ್ಟು ತೋರಿಸಿದರು. “ಇಲ್ಲಿ ನೋಡ್ರಿ. ಹೃದಯದ್ದು ಎಲ್ಲಾ ಗ್ವಾಡಿ ಜೋರ್ಲೆ ಕುಗ್ಗಾಕತ್ತಾವು, ಇದೊಂದು ತುಸು ಹಿಂದ ಉಳೀತು. ಮಲಗಿದಾಗ ಹಿಂಗ ಇರಲಿಲ್ಲ. ಆಂಜಿಯೋಗ್ರಾಮ್ ಮಾಡಿ ನೋಡಬೇಕ್ರಿ. ವ್ಯಾಳ್ಯಾಕ್ಕ ಬಂದೀರಿ.”

ನಿಲುವಂಗಿ ಕಳಚಿ ಸೀರೆ ಉಟ್ಟುಕೊಂಡು ಹೊರಗೆ ಬಂದೆ. ನಮ್ಮ ಮನೆಯವರು ಬೆಂಚಿನಿಂದ ಏಳುತ್ತಲೇ ಕಾರಿನ ಕಡೆ ಮುಖ ಮಾಡಿದ್ದರು.

“ಗ್ಯಾಸ್ ಅಂದ್ರಿಲ್ಲೋ? ನಾ ಹೇಳಿರಲಿಲ್ಲೇನು! ನಡಿ, ನಡಿ.”

“ಗ್ಯಾಸ್ ಅಲ್ರಿ. ಎದಿಗೆ ರಕ್ತ ಸಾಲವಲ್ದಂತ. ಆಂಜಿಯೋಗ್ರಾಮ್ ಹೇಳ್ಯಾರ.”

ಅವರು ನನ್ನ ಮುಖ ನೋಡಿದರು. ಕಾರಿನ ಕಡೆ ನೋಡಿದರು. ಮತ್ತೆ ನನ್ನ ಮುಖ ನೋಡಿದರು. ಆಮೇಲೆ ಬೆಂಚಿನ ಮೇಲೆ ನಿಧಾನಕ್ಕೆ ಕೂತು, ಪಕ್ಕದಲ್ಲಿ ನನಗೂ ಜಾಗ ಮಾಡಿದರು. ಫೋನು ಬಡಿಯಿತು, ಅವರ ತಂಗಿಯದು, ಸೀರೆಯ ವಿಚಾರ. ಎತ್ತದೆ ಕಿಸೆಗೆ ಹಾಕಿಕೊಂಡರು.

“ಯಾವಾಗಿಂದ ಆಗಾಕತ್ತೈತಿ ನಿನಗ?” ಎಂದರು.

ನಮ್ಮ ಮನೆಯಲ್ಲಿ ನನ್ನ ಮೈಯ ಬಗ್ಗೆ ಉತ್ತರ ಮೊದಲೇ ಗೊತ್ತಿಲ್ಲದ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲಿರಬೇಕು. ನಾನು ಅವರ ಪಕ್ಕದಲ್ಲಿ ಕೂತು, ಉಸಿರು ತಹಬಂದಿಗೆ ಬರುವ ತನಕ ಅವರನ್ನು ಕಾಯಿಸಿ, ಮೊದಲ ಸಲ ನಿಂತ ಮೆಟ್ಟಿಲಿನಿಂದ ಹೇಳತೊಡಗಿದೆ.